ಪರದೆ ಮೇಲಿನ ‘ಅಲರ್ಜಿ ಇಲ್ಲ’

ಆಸ್ಪತ್ರೆಯ ಡೇಟಾಬೇಸ್ ಕೋಣೆಯ ಬಾಗಿಲನ್ನು ಯಾರೋ ದಡದಡ ತಟ್ಟಿದರು. ಗಂಡನನ್ನು ಆಪರೇಷನ್ನಿಗೆ ಕಳುಹಿಸಿ ಎದುರಿನ ಬೆಂಚಿನಲ್ಲಿ ಕಾಯುತ್ತಿದ್ದ ಹೆಂಗಸು ಬೆಚ್ಚಿ ತಲೆಯೆತ್ತಿದಳು. ಒಳಗಿನಿಂದ ವಿಭಾಗದ ಮುಖ್ಯಸ್ಥೆ ಹೊರಬಂದಳು. ತಟ್ಟಿದ ಸಹೋದ್ಯೋಗಿಯ ಮುಖ ಬಿಳಿಚಿಕೊಂಡಿತ್ತು.

“ಮೇಡಂ, ಅಲರ್ಜಿ ವಿವರ ಪೂರ್ತಿ ಖಾಲಿ. ಒಬ್ಬ ರೋಗಿದೂ ಉಳಿದಿಲ್ಲ.”

“ಎರಡನೇ ಸರ್ವರ್‌ನಲ್ಲಿ ಇರುತ್ತಲ್ಲಪ್ಪ, ಅಲ್ಲಿಂದ ತಗೋ.”

“ಅದು ಇದರ ಪಡಿಯಚ್ಚಲ್ವಾ? ಇಲ್ಲಿ ಅಳಿಸಿದ್ದು ಆ ಕ್ಷಣವೇ ಅಲ್ಲೂ ಅಳಿಸಿಹೋಗಿದೆ.”

“ಬ್ಯಾಕಪ್?”

“ಪಡಿಯಚ್ಚು ಇದೆಯಲ್ಲ, ಬ್ಯಾಕಪ್ ಯಾಕೆ ದಂಡಕ್ಕೆ ಅಂತ ನಿಲ್ಲಿಸಿಬಿಟ್ವಲ್ಲ.”

ಮುಖ್ಯಸ್ಥೆ ಕೋಣೆಯ ಬಾಗಿಲು ಎಳೆದು ಮುಚ್ಚಿದಳು. “ಆಪರೇಷನ್ ಥಿಯೇಟರ್‌ನವರಿಗೆ ಈಗ ಏನು ಕಾಣಿಸ್ತಿದೆ?”

“ವಿವರ ಖಾಲಿ ಇದ್ರೆ ಪರದೆ ಮೇಲೆ ‘ಅಲರ್ಜಿ ಇಲ್ಲ’ ಅಂತಲೇ ಬರುತ್ತೆ. ಫೋನ್ ಮಾಡಿದೆ, ಎತ್ತುತ್ತಿಲ್ಲ.”

ಪೆನಿಸಿಲಿನ್ ಮದ್ದು ಕೊಟ್ಟರೆ ಗಂಡನ ಗಂಟಲು ಬಾತು ಉಸಿರು ಕಟ್ಟುತ್ತದೆಂದು ಹಿಂದಿನ ದಿನವಷ್ಟೇ ಕೌಂಟರಿನಲ್ಲಿ ಬರೆಸಿದ್ದ ಆ ಹೆಂಗಸು, ಚೀಲವನ್ನು ಅಲ್ಲೇ ಬಿಟ್ಟು ಥಿಯೇಟರಿನತ್ತ ಓಡಿದಳು. ಅವರಿಬ್ಬರೂ ಅವಳ ಬೆನ್ನಹಿಂದೆಯೇ ಓಡಿಬಂದು ಅವಳನ್ನು ದಾಟಿದರು.

“ಅಳಿಸಿದ ಪುಣ್ಯಾತ್ಮ ಯಾರೋ ಮಾರಾಯ?”

“ಬೆಳಿಗ್ಗೆ ಟೆಸ್ಟ್ ಡೇಟಾ ಅಂದ್ಕೊಂಡು ನೀವೇ ಅಳಿಸಿದ್ದು, ಮೇಡಂ.”