ಲೊರೇನಳ ಕೈಚೀಲದ ಅರ್ಜಿ

ಶುಕ್ರವಾರ ಸಂಜೆ ಮಾನಸಿಕ ಆಸ್ಪತ್ರೆಯ ಗೇಟಿನೆದುರು ರಾದರ್‌ಹ್ಯಾಮ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರು, ಲೊರೇನ್ ಮತ್ತು ಬೆವ್. ಲೊರೇನಳ ಮಗ ಕರ್ಟಿಸ್‌ನನ್ನು ಒಳಗೆ ಕೂಡಿಹಾಕಿದ್ದರು. ಕೇಸಿಲ್ಲ, ಕೋರ್ಟಿಲ್ಲ, ಡಾಕ್ಟರುಗಳ ಸಹಿ ಇದ್ದರೆ ಸಾಕು ಅದಕ್ಕೆ.

“ಕರ್ಟಿಸ್ ಖುಷಿಯಾಗಿದ್ದ ಕಣೇ. ಅರ್ಜಿ ಹೋಯ್ತು, ಇನ್ನು ಜಡ್ಜ್ ಮುಂದೆ ಬಿಡ್ಸಿ ಅಂತ ಕೇಳ್ತೀನಿ ಅಂದ,” ಎಂದಳು ಬೆವ್.

“ಹೂಂ.”

“ಅವನ ಪರ ಮಾತಾಡೋಕೆ ಹೊರಗಿಂದ ಬರ್ತಾಳಲ್ಲ, ಆ ಹೆಂಗಸೇ ಕೂತು ಬರೆಸಿದ್ಲಂತೆ.”

“ಹೆತ್ತೋಳು ನಾನಿದೀನಿ. ಅವನ ಪರ ಮಾತಾಡೋಕೆ ಅವಳ್ಯಾರೇ?”

“ಆಸ್ಪತ್ರೆಯವಳಲ್ಲ, ಅದಕ್ಕೇ ಅವನು ನಂಬ್ತಾನೆ. ಅವನು ನಿನ್ನ ಕೈಗೆ ಕೊಟ್ಟಿದ್ದನ್ನ ಪೋಸ್ಟ್ ಮಾಡಿದ್ಯಲ್ಲ?”

ಲೊರೇನ್ ಕೈಚೀಲ ತೆರೆದು ಲಕೋಟೆ ತೋರಿಸಿದಳು.

“ಅಯ್ಯೋ ದೇವ್ರೇ! ಒಳಗೆ ಹಾಕಿದ ಹದಿನಾಲ್ಕು ದಿನದೊಳಗೆ ಕೊಡ್ಬೇಕು, ದಾಟಿದ್ರೆ ತಗೊಳ್ಳಲ್ಲ. ಇವತ್ತೇ ಹದಿನಾಲ್ಕು!”

“ಗೊತ್ತು. ಹೊರಗೆ ಬಿಟ್ರೆ ಮತ್ತೆ ರೈಲು ಸೇತುವೆ ಹತ್ತಾನೆ. ಹೋದ್ಸಲ ಕಾಲು ಹಿಡಿದು ಎಳೆದೋಳು ನಾನು, ಅವಳಲ್ಲ.”

“ಅದನ್ನ ಜಡ್ಜ್ ಮುಂದೆ ಹೇಳು. ಹಿಂಗೆ ಬಚ್ಚಿಡ್ತಾರಾ? ಗೇಟು ಇಲ್ಲೇ ಇದೆ, ಒಳಗೆ ಕೊಟ್ಬಾ.”

“ಬಸ್ ಬಂತು.”

“ಅವನಿಗೆ ಗೊತ್ತಾದ್ರೆ?”

“ಯಾರು ಹೇಳ್ತಾರೆ? ಆ ಹೆಂಗಸು ಇನ್ನು ಬರೋದು ಮಂಗಳವಾರ.”

ಲೊರೇನ್ ಕೈಚೀಲವನ್ನು ಎದೆಗೊತ್ತಿಕೊಂಡು ಬಸ್ ಹತ್ತಿದಳು. ಬೆವ್ ಒಂದು ಸಲ ಗೇಟಿನ ಕಡೆ ನೋಡಿದಳು. ಆಮೇಲೆ ಅವಳೂ ಹತ್ತಿದಳು.