ಅಡುಗೆಮನೆಯ ಮೊಳೆ

ಬಸ್ಸಿಗಾಗಿ ಕಾದು ಕಾದು ದರ್ಜಿಯಮ್ಮನ ಕಾಲು ಸೋತಿತ್ತು. ಪಕ್ಕದಲ್ಲಿ ನಿಂತಿದ್ದ ಅಕ್ಕ-ತಮ್ಮನ ಜಗಳ ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು.

“ಲ್ಯಾಪ್‌ಟಾಪ್ ಕಳುವಾಗಿದ್ದಕ್ಕೆ ಇನ್ಶೂರೆನ್ಸ್‌ನವರು ಏನಂದ್ರೋ?”

“ಕೊಡಲ್ವಂತೆ ಅಕ್ಕ. ಕಳ್ಳ ರೂಮಿನ ಬೀಗ ಒಡೆದಿದ್ರೆ ಮಾತ್ರ ದುಡ್ಡಂತೆ.”

“ಒಡೆದಿಲ್ವಾ?”

“ಯಾಕೆ ಒಡೀತಾನೆ? ಎಲ್ಲಾ ರೂಮಿನ ಕೀಲಿನೂ ಅಡುಗೆಮನೆ ಮೊಳೆಗೇ ತಗಲಾಕಿರ್ತೀವಲ್ಲ.”

“ಯಾರ್ಯಾರೋ ಬಂದುಹೋಗೋ ಬಾಡಿಗೆಮನೇಲಿ! ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯ್ತಲ್ಲೋ! ಯಾವ ಪುಣ್ಯಾತ್ಮನ ಐಡಿಯಾ ಇದು?”

“ನಂದೇ. ಬೆಂಕಿಗಿಂಕಿ ಹತ್ಕೊಂಡ್ರೆ ಬೇಗ ಬಾಗಿಲು ತೆಗೀಬಹುದು, ಸೇಫ್ಟಿ ಇರ್ಲಿ ಅಂತ.”

ಅಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ಅವಳ ಕೈ ಹಣೆಯ ಮೇಲೇ ನಿಂತಿತು.

“ಏಯ್, ನಮ್ಮನೆ ಕೀಲಿ ನಿನ್ ಹತ್ರ ಒಂದು ಕೊಟ್ಟಿದ್ನಲ್ಲ, ಅದೆಲ್ಲಿ?”

“ಅದೂ ಆ ಮೊಳೆಗೇ. ಬೇರೆಯವರದ್ರ ಜೊತೆ ಅದಲುಬದಲಾಗ್ಬಾರ್ದು ಅಂತ ನಿಮ್ಮನೆ ವಿಳಾಸ ಬರೆದು ಕಟ್ಟಿದೀನಿ.”

“ಕಳುವಾದ್ಮೇಲೆ ಅದಿದೆಯಾ ನೋಡಿದ್ಯಾ?”

ತಮ್ಮ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದ.

ಬಸ್ಸು ಬಂತು. ಅಕ್ಕ ಅದರತ್ತ ತಿರುಗಿಯೂ ನೋಡದೆ, ಅವನ ಕಾಲರು ಹಿಡಿದು ಎಳೆಯುತ್ತಾ ಟ್ಯಾಕ್ಸಿಯೊಂದಕ್ಕೆ ಕೈ ಬೀಸಿದಳು.

“ಎಲ್ಲಿಗೆ ಅಕ್ಕ?”

“ನಮ್ಮನೆಗೆ ಕಣೋ. ಏನಾದ್ರೂ ಉಳಿದಿದೆಯಾ ನೋಡೋಕೆ!”