ಕಸೂತಿ ಅಂಗಡಿಯ ಕಂಪ್ಯೂಟರ್

ನಗಬೇಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್, ಹಾಗಾಗಿ ಊರಿಗೆಲ್ಲ ಅವನು ‘ಸ್ಕ್ರೂ’. ದೆವ್ವ ಅಂದರೆ ಬಿದ್ದು ಬಿದ್ದು ನಗುತ್ತಿದ್ದ ಆಸಾಮಿ.

ಅವತ್ತು ಕೆಲಸ ಮುಗಿಸಿ ಹೊರಟಾಗ ರಾತ್ರಿಯಾಗಿತ್ತು. ದಾರಿಯಲ್ಲೊಂದು ಹಾಳುಬಾವಿ. ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು... ಟಪ್... ಟಪ್. ಬಾವಿ ದಾಟಿದ್ದೇ ತಡ, ಹಿಂದಿನಿಂದ ಚಪ್ಪಲಿಯ ಸರಸರ. ತಿರುಗಿದರೆ ಕಸೂತಿ ಅಂಗಡಿಯ ಅಕ್ಕ.

“ಸ್ವಲ್ಪ ಬರ್ತೀಯೇನೋ?” ಪಿಸುಗುಟ್ಟಿದಳು. “ಕಂಪ್ಯೂಟರ್ ಮತ್ತೆ ಸ್ಪ್ಯಾನಿಷ್‌ಗೆ ಹೋಗಿದೆ.”

“ಬೆಳಗ್ಗೆ ತಾನೇ ಇಂಗ್ಲಿಷ್ ಮಾಡಿಕೊಟ್ಟೆನಲ್ಲಕ್ಕ!”

“ನಿನ್ನೇನೂ ಮಾಡಿಕೊಟ್ಟಿದ್ದೆ. ಮೊನ್ನೇನೂ.”

ಸಂಗತಿ ಇಷ್ಟು. ಕಸೂತಿ ಯಂತ್ರ ನಡೆಸುವ ಕಂಪ್ಯೂಟರನ್ನು ಅವಳ ಗಂಡನೇ ನೋಡಿಕೊಳ್ಳುತ್ತಿದ್ದ. ಸ್ಪ್ಯಾನಿಷ್ ಆಡುವ ಮನೆಯಲ್ಲಿ ಬೆಳೆದವನು, ಇಂಗ್ಲಿಷಿನ ತಲೆಬುಡ ತಿಳಿಯದು. ಪರದೆಯ ಮೇಲಿನದ್ದೆಲ್ಲ ಸ್ಪ್ಯಾನಿಷ್. ಹೋದ ತಿಂಗಳು ಆತ ತೀರಿಕೊಂಡ ಮೇಲೆ ಎಲ್ಲ ಅಕ್ಕನ ತಲೆಗೆ ಬಂತು. ಅವಳಿಗೋ ಇಂಗ್ಲಿಷ್ ಬರುತ್ತದೆ, ಸ್ಪ್ಯಾನಿಷ್ ಒಂದು ಪದವೂ ಬಾರದು. ಶಾಲೆಯೊಂದರ ಸಮವಸ್ತ್ರಕ್ಕೆ ಲಾಂಛನ ಹಾಕಿಕೊಡುವ ಆರ್ಡರ್ ಹಿಡಿದು ಕೂತಿದ್ದಳು. ಅದೊಂದು ತಪ್ಪಿದರೆ ಅಂಗಡಿ ಮುಚ್ಚುವುದೇ ಗತಿ.

ಸ್ಕ್ರೂಗೂ ಸ್ಪ್ಯಾನಿಷ್ ಬರುವುದಿಲ್ಲ. ರಿಪೇರಿಯವರಿಗೆ ಅದು ಬೇಕೂ ಇಲ್ಲ, ಯಾವುದು ಎಲ್ಲಿದೆ ಎಂದು ಕೈಗೇ ಗೊತ್ತಿರುತ್ತದೆ. ಅಂಗಡಿಗೆ ಹೋಗಿ ಕೂತು, ಪಟ್ಟಿಯನ್ನು ಮೇಲಿನಿಂದ ಎಣಿಸಿಕೊಂಡು ಒತ್ತಿದ. ಇಂಗ್ಲಿಷ್ ಬಂತು.

“ಈ ಸಲ ಸ್ಪ್ಯಾನಿಷನ್ನ ಬುಡಸಮೇತ ಕಿತ್ತುಹಾಕ್ತೀನಿ ತಾಳು,” ಅಂದ. ಹಾಗೇ ಮಾಡಿದ. ಇಬ್ಬರೂ ಕೈಕಟ್ಟಿ ಕೂತು ನೋಡಿದರು.

ಕಂಪ್ಯೂಟರಿನ ಫ್ಯಾನು ಗುಂಯ್ ಅನ್ನುತ್ತಿತ್ತು. ಬೇರೆ ಸದ್ದಿಲ್ಲ...

ಕ್ಲಿಕ್.

ಮೌಸನ್ನು ಯಾರೂ ಮುಟ್ಟಿರಲಿಲ್ಲ. ಪರದೆಯ ಮೇಲೆ ಬಾಣ ತಾನಾಗಿ ಕದಲಿತು. ಭಾಷೆಗಳ ಪಟ್ಟಿ ತೆರೆಯಿತು. ಬಾಣ ಕೆಳಗಿಳಿಯಿತು... ನಿಂತಿತು. ಅಲ್ಲಿ ಸ್ಪ್ಯಾನಿಷ್ ಇರಲಿಲ್ಲ. ಮತ್ತೆ ಮೇಲೆ, ಮತ್ತೆ ಕೆಳಗೆ. ಕ್ಲಿಕ್... ಕ್ಲಿಕ್... ಕರೆಂಟು ಹೋದಾಗ ಗೋಡೆ ತಡವುತ್ತೇವಲ್ಲ, ಹಾಗೆ.

ಯಾರೋ ದೂರದಿಂದ ಆಟ ಆಡಿಸುತ್ತಿದ್ದಾರೆ ಅಂದುಕೊಂಡು ಸ್ಕ್ರೂ ಇಂಟರ್ನೆಟ್ ತಂತಿ ಕಿತ್ತ. ಬಾಣ ನಿಲ್ಲಲಿಲ್ಲ. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

“ಅವರಿಗೆ ದಾರಿ ಸಿಗ್ತಿಲ್ಲ ಕಣೋ...” ಅಂದಳು ಅಕ್ಕ. “ವಾಪಸ್ ಹಾಕ್ಬಿಡು.”

“ನಿನ್ನ ಆರ್ಡರ್?”

“ಹಾಳಾಗಿ ಹೋಗ್ಲಿ. ಹಾಕು!”

ಅವಳು ಅಳುತ್ತಿದ್ದಳು. ಸ್ಕ್ರೂ ತಂತಿ ಸಿಕ್ಕಿಸಿ ಸ್ಪ್ಯಾನಿಷನ್ನು ಮತ್ತೆ ಇಳಿಸಿದ. ಆಗ ಹೊಳೆಯಿತು ನೋಡಿ ಅವನಿಗೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರಿಗೆ ಬೇರೆ ಬೇರೆ ಖಾತೆ ಮಾಡಬಹುದಲ್ಲ, ಅವರವರಿಗೆ ಅವರವರ ಭಾಷೆ! ಅಕ್ಕನದು ಇಂಗ್ಲಿಷ್. ಹೊಸದೊಂದು ಖಾತೆ ತೆರೆದು ಸ್ಪ್ಯಾನಿಷ್ ಮಾಡಿ, ಅದಕ್ಕೆ ‘ಭಾವ’ ಎಂದು ಹೆಸರಿಟ್ಟ. ಮೊದಲ ಸಲ ಒಳಗೆ ಬರುವವರೇ ಅದಕ್ಕೆ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. ಅದನ್ನು ಹಾಗೇ ಬಿಟ್ಟ.

“ಭಾವ, ಇದು ನಿಮ್ಮದು,” ಅಂದನಂತೆ ಪರದೆಗೆ. ಬಾಣ ನಿಂತಿತು. ಬೀಗ ಹಾಕಿ, ಅಂಗಡಿಗೆ ಇದ್ದ ಒಂದೇ ಒಂದು ಕೀಲಿಕೈಯನ್ನು ಅಕ್ಕ ಅವನ ಕೈಗೇ ಕೊಟ್ಟು ಕಳಿಸಿದಳು.

ಬೆಳಗ್ಗೆ ಅವನೇ ಬೀಗ ತೆಗೆದ. ಅಕ್ಕನ ಖಾತೆ ಇಂಗ್ಲಿಷಿನಲ್ಲೇ ಇತ್ತು. ಅವಳು ಕೂತು ಕೆಲಸ ಶುರುಮಾಡಿದಳು, ಲಾಂಛನಗಳು ಹೊತ್ತಿಗೆ ಸರಿಯಾಗಿ ಹೋದವು. ಅಂಗಡಿ ಇವತ್ತಿಗೂ ನಡೆಯುತ್ತಿದೆ, ಬೇಕಾದರೆ ಹೋಗಿ ನೋಡಿ. ಸುಳ್ಳು ಹೇಳಿ ನನಗೇನಾಗಬೇಕು?

ಆದರೆ ಆ ಬೆಳಗ್ಗೆ ಸ್ಕ್ರೂ ‘ಭಾವ’ ಅನ್ನುವುದರ ಮೇಲೂ ಒಮ್ಮೆ ಒತ್ತಿದ್ದ. ಒಳಗೆ ಬಿಡಲಿಲ್ಲ. ಆಗಲೇ ಪಾಸ್‌ವರ್ಡ್ ಇಟ್ಟಾಗಿತ್ತು. ಅದೇನು ಅಂತ ಅವನಿಗೂ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ.